ಚೆಂಡು ಬಡಿಸುವ ಹುಡುಗಿ

ನಮ್ಮ ಮನೆಯಲ್ಲಿ ಹೆಣ್ಣುಹುಡುಗಿಗೆ ಮೊದಲು ಕಲಿಸುವುದು ಬಡಿಸುವುದನ್ನು. ರೊಟ್ಟಿ ಮಾಡುವುದು ಆಮೇಲೆ. ತಾಟು ಬರಿದಾಗಬಾರದು, ಉಣ್ಣುವವರು ಬಾಯಿಬಿಟ್ಟು ಕೇಳಬಾರದು, ಒಲ್ಲೆ ಅಂದವರಿಗೂ ಅರ್ಧ ರೊಟ್ಟಿ ಹಾಕಬೇಕು. ಎಲ್ಲರದೂ ಮುಗಿದ ಮೇಲೆ ನಾವು ಕೂಡಬೇಕು. ನನಗೆ ನಮ್ಮ ಅತ್ತೆ ಕಲಿಸಿದರು, ಸೊಸೆಗೆ ನಾನು ಕಲಿಸಿದೆ, ಇಬ್ಬರೂ ಸೇರಿ ಮೊಮ್ಮಗಳಿಗೆ ಕಲಿಸಿದೆವು. ಹುಡುಗಿ ಬೇಗ ಕಲಿತಳು. ಪಂಕ್ತಿಯ ಈ ತುದಿಗೆ ನಿಂತು ಆ ತುದಿಯವರ ತಾಟಿನಲ್ಲಿ ಶೇಂಗಾ ಚಟ್ನಿ ಮುಗಿದದ್ದನ್ನು ಕಾಣುತ್ತಿದ್ದಳು. ಮುಂದೆ ಇಟ್ಟ ಪುಸ್ತಕ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

ಹೈಸ್ಕೂಲಿಗೆ ಹೋದ ಮೇಲೆ ಅವಳಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಯಿತು. ಇಳಕಲ್ಲಿನಲ್ಲಿ ನಾವು ಮಗ್ಗದ ಮನೆಯವರು. ಸೀರೆ ನೇಯುವುದು ಗೊತ್ತು, ಈ ಆಟ ಎಲ್ಲಿ ಗೊತ್ತು? ಒಂದು ಸಂಜೆ ಸಾಲೆಯ ಹಿಂದಿನ ಮೈದಾನಕ್ಕೆ ಹೋಗಿ ನೋಡಿದೆ. ಗೇಟು, ಕಿಟಕಿ ಮಾಡುವವನಿಂದ ಬೆಸುಗೆ ಹಾಕಿಸಿದ ಕಬ್ಬಿಣದ ಬಳೆಯೊಂದು ಎತ್ತರದ ಕಂಬದ ಮೇಲೆ ಇತ್ತು. ಅದಕ್ಕೆ ಬುಟ್ಟಿ ಅನ್ನುತ್ತಾರಂತೆ. ತಳವೇ ಇಲ್ಲ. ಹಾಕಿದ್ದೆಲ್ಲ ಕೆಳಗೆ ಬೀಳುತ್ತದೆ, ಬಿದ್ದದ್ದನ್ನು ಎತ್ತಿ ಮತ್ತೆ ಹಾಕುತ್ತಾರೆ. ನನಗೆ ಅದೇನೂ ಹೊಸದು ಅನ್ನಿಸಲಿಲ್ಲ. ನಮ್ಮ ಯಜಮಾನರೂ ಮಗನೂ ಊಟಕ್ಕೆ ಕೂತಾಗ ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ.

ಹತ್ತನೆಯ ಇಯತ್ತೆ ಮುಗಿಯುವ ಹೊತ್ತಿಗೆ ಹುಚ್ಚು ಒಂದು ದಾರಿಗೆ ಬಂತು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡ ಇದೆ, ಚೆನ್ನಾಗಿ ಆಡುವವರನ್ನು ಆರಿಸಿ ಸೀಟು ಕೊಟ್ಟು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಸುದ್ದಿ. ಇವಳ ಮಾರ್ಕು ನೋಡಿ ಯಾರೂ ಕರೆಯುವಂತಿರಲಿಲ್ಲ. ನಮ್ಮೂರಲ್ಲಿ ಅವಳಿಗೆ ಸಿಗುವ ಕಾಲೇಜಿನಲ್ಲಿ ಈ ಆಟವೇ ಇಲ್ಲ. ಅಲ್ಲಿಗೆ ಸೇರಿದರೆ ಚೆಂಡು ಬಿಟ್ಟಂತೆ. ಅದೊಂದು ಮಾತು ಎತ್ತಿದರೆ ಸಾಕು, ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹಿತ್ತಲಿಗೆ ಹೋಗಿ ಗೋಡೆಗೆ ಚೆಂಡು ಬಡಿಯುತ್ತಿದ್ದಳು. ಗೋಡೆಯ ಸುಣ್ಣವೆಲ್ಲ ಉದುರಿತು.

ಆಗಲೇ ಒಂದು ದಿನ ಅವಳ ಆಟದ ಮಾಸ್ತರರು ಮನೆಗೆ ಬಂದರು. ಚಹಾ ಕುಡಿದರು, ಮಗ್ಗ ನೋಡಿದರು, ಸೆರಗಿನ ಬಣ್ಣ ಹೊಗಳಿದರು. ಇಷ್ಟು ಹೊಗಳಿದ ಮೇಲೆ ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬಂತು.

"ಅಮ್ಮಾರ, ನಿಮ್ಮ ಮೊಮ್ಮಗಳು ರಿಂಗಿನ ಬುಡಕ ಒಬ್ಬಾಕಿನ ನಿಂತಿರ್ತಾಳ್ರಿ. ಯಾರೂ ಅಡ್ಡ ಇರಂಗಿಲ್ಲ, ಎತ್ತಿ ಹಾಕಿದ್ರ ಆತು. ಈಕಿ ಚೆಂಡು ಹಿಡ್ಕೊಂಡು ಯಾರಿಗೆ ಕೊಡ್ಲಿ ಅಂತ ಹುಡುಕತಾಳ್ರಿ. ಬ್ಯಾಡ ಬ್ಯಾಡ ಅನ್ನಾಕಿಗೂ ಕೊಡ್ತಾಳ."

"ಕೊಡೂದು ಚಲೋ ಅಲ್ಲೇನ್ರಿ?"

ಚಲೋದೇ, ಆದರೆ ಬಾಗಲಕೋಟೆಯಲ್ಲಿ ಆರಿಸುವವರು ಯಾರು ಹಾಕಿದರು ಎಂದು ನೋಡುತ್ತಾರೆ, ಯಾರು ಕೊಟ್ಟರು ಎಂದು ಯಾರು ನೆನಪಿಡುತ್ತಾರೆ ಎಂದರು ಅವರು. ನಾನು ಹುಡುಗಿಯನ್ನು ಕರೆದು ಕೇಳಿದೆ. ಅವಳು ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು.

"ಉಳದವರು ಇನ್ನೂ ಹಾಕಿರಂಗಿಲ್ಲಲ್ಲ ಆಯಿ. ನಾ ಹೆಂಗ ಮೊದಲ ಹಾಕ್ಲಿ?"

ಆಯಿ ಎಂದರೆ ನಾನು. ಮಾಸ್ತರರಿಗೆ ಈ ಮಾತು ತಿಳಿಯಲಿಲ್ಲ, ನನಗೆ ತಿಳಿಯಿತು. ಅಡುಗೆಮನೆ ಬಾಗಿಲಲ್ಲಿ ನಿಂತ ಸೊಸೆಗೂ ತಿಳಿಯಿತು. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಅವತ್ತಿನಿಂದ ಮನೆಯಲ್ಲಿ ಕಾಯಿದೆ ಮಾಡಿದೆ. ಆರಿಸುವ ದಿನ ಬರುವವರೆಗೆ ಎಲ್ಲರಿಗಿಂತ ಮೊದಲು ಈ ಹುಡುಗಿ ಉಣ್ಣಬೇಕು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವಳದು. ಅವಳು ಏಳುವವರೆಗೆ ಗಂಡಸರಿಗೆ ತಾಟಿಲ್ಲ.

ಮೊದಲ ದಿನ ಎರಡು ತುತ್ತು ತಿಂದು ಮುತ್ಯಾನ, ಅಂದರೆ ನಮ್ಮ ಯಜಮಾನರ, ಮುಖ ನೋಡಿ ಏಳಲು ಹೋದಳು. ಹೆಗಲು ಹಿಡಿದು ಕೂರಿಸಿದೆ. ಅವಳ ಅಪ್ಪ ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಮೈಯೆಲ್ಲ ಕಲ್ಲಿನ ಪುಡಿ ಮಾಡಿಕೊಂಡು ಬಂದವನು, ಕೈಕಾಲು ತೊಳೆದು, ಕೂತು, ಮಗಳು ಉಣ್ಣುವುದನ್ನು ನೋಡಿ ಎದ್ದು, ಮತ್ತೊಮ್ಮೆ ಕೈ ತೊಳೆದು ಬಂದ. ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ. ಯಜಮಾನರು ಮಾತ್ರ ಸುಮ್ಮನಿರಲಿಲ್ಲ.

"ಚೆಂಡು ಆಡಾಕಿ ಆಕಿ. ನನ್ನ ಹೊಟ್ಟಿಗೆ ಯಾಕ ಬರಿ ಹಾಕ್ತಿಬೇ?"

ಬಾಗಲಕೋಟೆಗೆ ನೀವು ಆಡಲು ಹೋಗುವುದಿದ್ದರೆ ನಿಮಗೇ ಮೊದಲು ಹಾಕುತ್ತೇನೆ ಎಂದೆ. ಅವರು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಇನ್ನೂ ಊಟ ಆಗಿಲ್ಲ ಎಂದು ಹೇಳಿದರು.

ಆದರೆ ರೂಢಿ ಬಹಳ ಬೇಗ ಕೆಡುತ್ತದೆ. ವಾರ ಕಳೆಯುವುದರೊಳಗೆ ಹುಡುಗಿ ಸಾಲೆಯಿಂದ ಬಂದವಳೇ ಚಕ್ಕಳಬಕ್ಕಳ ಹಾಕಿ ಕೂತು, ಬದನೆಕಾಯಿ ಇನ್ನಷ್ಟು ಹಾಕು, ಮೇಲೆ ಎಣ್ಣೆ ಬಿಡು ಎಂದು ನಮಗೆ ಹೇಳಲು ಕಲಿತಳು. ಮೈದಾನದಲ್ಲೂ ಚೆಂಡು ಸಿಕ್ಕರೆ ಸೀದಾ ಬಳೆಯ ಕಡೆ ನೋಡುತ್ತಾಳೆ ಎಂದು ಮಾಸ್ತರರು ಖುಷಿಯಿಂದ ಹೇಳಿ ಕಳಿಸಿದರು. ನನಗೂ ಸ್ವಲ್ಪ ಜಂಬ ಬಂತು. ಸುಳ್ಳು ಯಾಕೆ ಹೇಳಲಿ?

ಆರಿಸುವ ದಿನ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ನಾನೇ ಜೊತೆಗೆ ಹೊರಟೆ. ಬಸ್ಸು ಹುನಗುಂದ ದಾಟುವವರೆಗೆ ಹುಡುಗಿ ತೊಡೆಯ ಮೇಲಿನ ಚೆಂಡನ್ನು ತಿರುಗಿಸುತ್ತಲೇ ಇದ್ದಳು. ಬಾಗಲಕೋಟೆಯ ಮೈದಾನದಲ್ಲಿ ಬಾದಾಮಿ ಕಡೆಯಿಂದ, ಬೇರೆ ಊರುಗಳಿಂದ ಬಂದ ಹುಡುಗಿಯರು ಜೋಳದ ದಂಟಿನಂತೆ ಎತ್ತರಕ್ಕೆ ನಿಂತಿದ್ದರು. ಅವರ ನಡುವೆ ನಮ್ಮವಳು ಕಳೆಯಂತೆ ಕಂಡಳು. ಕಾಲೇಜಿನ ತಂಡಕ್ಕೆ ಆಟ ಕಲಿಸುವ ಮೇಡಂ ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದರು. ಗುಂಪು ಮಾಡಿ ಆಡಲು ಬಿಟ್ಟರು.

ನಮ್ಮ ಹುಡುಗಿ ಚೆಂಡು ಸಿಕ್ಕಾಗಲೆಲ್ಲ ತಾನೇ ಎಸೆದಳು. ಒಂದು ಬಿತ್ತು. ಆಮೇಲಿನದೂ ಬಿತ್ತು. ಮುಂದೆ ಬೀಳಲಿಲ್ಲ, ಆದರೂ ಎಸೆಯುವುದು ಬಿಡಲಿಲ್ಲ. ದೂರದಿಂದ ಎಸೆದಳು, ಮೂವರು ಅಡ್ಡ ನಿಂತಾಗಲೂ ಎಸೆದಳು. ಅವಳ ಗುಂಪಿನ ಹುಡುಗಿಯರು, ಹೋಳಿಗೆ ಬರುತ್ತದೆ ಎಂದು ಕಾದು ಕೂತ ಪಂಕ್ತಿಯವರಂತೆ, ಕೈ ಚಾಚಿ ನಿಂತೇ ಇದ್ದರು. ಮೇಡಂ ಸೀಟಿ ಊದಿದರು.

"ನೀ ಒಬ್ಬಾಕಿನ ಆಡಾಕ ಬಂದಿಯೇನು?"

"ನಮ್ಮ ಆಯಿ ಹೇಳ್ಯಾಳ್ರಿ," ಎಂದು ಆ ಪುಣ್ಯಾತಗಿತ್ತಿ ನನ್ನ ಕಡೆ ಕೈ ತೋರಿಸಿದಳು.

ಇಡೀ ಮೈದಾನ ನನ್ನನ್ನು ನೋಡಿತು. ನನ್ನ ಬಾಯಲ್ಲಿ ರೊಟ್ಟಿ ಇತ್ತು. ಮೇಡಂ ಹತ್ತಿರ ಬಂದು ಏನು ಹೇಳಿದ್ದೀರಿ ಎಂದು ಕೇಳಿದರು. ನುಂಗಿ, ನೀರು ಕುಡಿದು, "ಮೊದಲ ನೀ ಉಣ್ಣು ಅಂದೀನ್ರಿ" ಎಂದೆ. ಅವರ ಹುಬ್ಬು ಮೇಲೇರಿತು. ಆಗ ಬಡಿಸುವ ಕಥೆ, ಮಾಸ್ತರರು ಬಂದದ್ದು, ಯಜಮಾನರು ಕಟ್ಟೆಯ ಮೇಲೆ ಕೂತದ್ದು ಎಲ್ಲ ಹೇಳಬೇಕಾಯಿತು. ಕೇಳುವಾಗ ಅವರು ಸೀಟಿ ಕಚ್ಚಿಕೊಂಡು ನಗು ತಡೆದದ್ದು ನನಗೆ ಕಂಡಿತು. ತಿರುಗಿ ಹೋಗಿ ಹುಡುಗಿಗೆ ಹೇಳಿದರು:

"ನಿಂದು ಉಂಡಾತಲ್ಲ? ಇನ್ನ ಬಡಸು."

ಆಮೇಲೆ ಆಡಿದ ಆಟ ನನಗೂ ಗುರುತಾಯಿತು. ಅದು ನಮ್ಮ ಮನೆಯ ಪಂಕ್ತಿ. ಒಂದು ಬಡಕಲು ಹುಡುಗಿ ಅಲ್ಲಿಯವರೆಗೆ ಚೆಂಡನ್ನೇ ಮುಟ್ಟಿರಲಿಲ್ಲ. ನಮ್ಮವಳು ಈ ಕಡೆ ನೋಡುತ್ತ ಆ ಕಡೆ ಕೊಟ್ಟಳು, ಬಡಕಲು ಹುಡುಗಿ ಹಾಕಿಯೇ ಬಿಟ್ಟಳು. ಇನ್ನೊಮ್ಮೆ ತಾನೇ ಬಳೆಯ ಬುಡದಲ್ಲಿ ಒಬ್ಬಳೇ ಸಿಕ್ಕಳು. ಕೊಡುತ್ತಾಳೇನೋ ಎಂದು ನಾನು ಕೂತಲ್ಲಿಯೇ ಅರ್ಧ ಎದ್ದೆ. ಕೊಡಲಿಲ್ಲ. ಹಾಕಿದಳು.

ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಬೇಕಾದವರ ಹೆಗಲು ಮುಟ್ಟುತ್ತ ಮೇಡಂ ಬಂದರು. ನಮ್ಮವಳ ಮುಂದೆ ನಿಂತು ತಲೆಯಿಂದ ಕಾಲಿನವರೆಗೆ ನೋಡಿದರು. ಅದಕ್ಕೇನು ಬಹಳ ಹೊತ್ತು ಹಿಡಿಯಲಿಲ್ಲ, ಹುಡುಗಿ ಇರುವುದೇ ಅಷ್ಟು.

"ಎತ್ತರ ಇಲ್ಲ," ಎಂದರು. ಸ್ವಲ್ಪ ತಡೆದು, "ಕಣ್ಣು ಐತಿ," ಎಂದು ಹೆಗಲು ಮುಟ್ಟಿದರು.

ನಾನು ಅಳಲಿಲ್ಲ. ಅಲ್ಲಿ ಅಳುವವರು ಬೇಕಾದಷ್ಟು ಮಂದಿ ಇದ್ದರು. ಹುಡುಗಿ ಬಸ್ಸು ಹತ್ತಿ, ಉಳಿದ ರೊಟ್ಟಿಯ ಗಂಟು ಬಿಚ್ಚಿ, ನನ್ನನ್ನು ಒಂದು ಮಾತೂ ಕೇಳದೆ ಎಲ್ಲವನ್ನೂ ಮುಗಿಸಿದಳು. ಕಲಿಸಿದ್ದು ಚೆನ್ನಾಗಿ ಹತ್ತಿತ್ತು.

ಈಗ ಹಾಸ್ಟೆಲಿನಲ್ಲಿ ಇದ್ದಾಳೆ. ರಜೆಗೆ ಮೊದಲ ಸಲ ಬಂದವಳು ಚೀಲ ಇಟ್ಟು, ಕೈ ತೊಳೆದು, ಸೀದಾ ತಾಟಿನ ಮುಂದೆ ಕೂತಳು. ಆರಿಸುವ ದಿನ ಮುಗಿದು ಎಷ್ಟೋ ಕಾಲವಾಗಿತ್ತು, ಕಾಯಿದೆಯೂ ಮುಗಿದಿತ್ತು. ಹೇಳೋಣ ಎಂದು ನಾನು ಬಾಯಿ ತೆರೆಯುವುದರೊಳಗೆ ಅವಳು ಪಕ್ಕದಲ್ಲಿ ಇನ್ನೊಂದು ತಾಟು ಎಳೆದು ಇಟ್ಟಳು.

"ಕೂಡು ಆಯಿ. ಮುತ್ಯಾ ಬಡಸ್ತಾನ."

ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ಕೂತೆ. ಯಜಮಾನರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಚಟ್ನಿಯ ಡಬ್ಬಿ ಎತ್ತಿಕೊಂಡು ಬಂದು ನನ್ನ ತಾಟಿಗೆ ಅರ್ಧ, ಸೀರೆಗೆ ಅರ್ಧ ಹಾಕಿದರು. ಇಷ್ಟು ವರ್ಷ ನನ್ನ ಕೈಯಿಂದ ಉಂಡರೂ ಆ ಮನುಷ್ಯ ನಾನು ಬಡಿಸುವುದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ ಎಂದು ಆವತ್ತು ಗೊತ್ತಾಯಿತು.