ಮಡಿಲೆತ್ತರದ ಬಾಯಿ

“ಆಯಿ, ಕರೆಪ್ಪ ಮಾಮಾ ಹಾರಾ ಯಾಕ ಕಿತ್ತಿ ಒಗದ್ರು?”

ಆರು ವರ್ಷದ ಭಕ್ತಿ ಕೇಳಿದ್ದು ನಾಲ್ಕು ಮಂದಿಗೆ ಕೇಳುವ ಹಾಗೆ. ಮಯೂರಿ ಮಗಳ ಕೈ ಹಿಡಿದು ಹೊರಗೆ ನಡೆದಳು. ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಚೆಂಡುಹೂವು ಚೆಲ್ಲಿ ಬಿದ್ದಿತ್ತು. ಒಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಕರೆಪ್ಪ ಹುಕ್ಕೇರಿಯಲ್ಲಿ ಅವಳ ಮನೆಯ ಬಾಜೂ ವೆಲ್ಡಿಂಗ್ ಅಂಗಡಿ ಇಟ್ಟವನು. ಏಳನೇ ಇಯತ್ತೆಗೆ ಸಾಲೆ ಬಿಟ್ಟರೂ ಕಣ್ಣಳತೆಯಲ್ಲೇ ಕಬ್ಬಿಣ ಕತ್ತರಿಸುವ ಗಟ್ಟಿಗ. ಗೋವಿನಜೋಳದ ತೆನೆ ಬಿಡಿಸುವ ಯಂತ್ರವೊಂದನ್ನು ತಾನೇ ಕಟ್ಟಿದ್ದ. ಪೇಟೆಯ ಯಂತ್ರಕ್ಕೆ ನಿಂತು ತೆನೆ ಹಾಕಬೇಕು. ಈ ಕಡೆಯ ಹೆಂಗಸರೋ, ಒಂದು ಕಾಲು ಚಾಚಿ ಕೂತು, ಹರಟುತ್ತ ಕಾಳು ಬಿಡಿಸುವವರು. “ನಮ್ಮ ಅವ್ವಗೋಳ ಯಾಕ ಎದ್ದು ನಿಲ್ಲಬೇಕು?” ಎಂದು ಕರೆಪ್ಪ ಯಂತ್ರದ ಬಾಯನ್ನು ಮಡಿಲಿನ ಎತ್ತರಕ್ಕೆ ಇಳಿಸಿದ. ಹನ್ನೊಂದು ಯಂತ್ರ ಮಾರಾಟವಾದವು.

ಹಿಂದಿನ ಸುಗ್ಗಿಯ ಕೊನೆಗೆ ಮಮದಾಪುರದ ಕಾಶೆವ್ವನ ಎರಡು ಬೆರಳು ಹೋದವು. ತೆನೆಯ ಬೆನ್ನಿಗೇ ಕೈಯೂ ಒಳಗೆ ಹೋಗಿತ್ತು. ಕಾಲು ಚಾಚಿ ಕೂತವಳಿಗೆ ಹಿಂದಕ್ಕೆ ಜಿಗಿಯಲಾಗಲಿಲ್ಲ. ಕರೆಪ್ಪ ಆ ಯಂತ್ರ ವಾಪಸು ತಂದ. ಉಳಿದ ಹತ್ತು ಊರೂರಲ್ಲಿದ್ದವು, ಮುಂದಿನ ಸುಗ್ಗಿಗೆ ಹದಿನೈದೇ ದಿನ ಉಳಿದಿತ್ತು.

ಆಗಲೇ ಮಯೂರಿ ಕಲಿಸುವ ಟೈಪಿಂಗ್ ಕ್ಲಾಸಿಗೆ, ಹೊಸ ಯಂತ್ರ ಮಾಡುವವರಿಗೆ ತಜ್ಞರ ಕಾರ್ಯಾಗಾರವೆಂಬ ಕರಪತ್ರ ಬಂತು. ಅರ್ಜಿ ತುಂಬಿದವಳು ಅವಳೇ. ಕರೆಪ್ಪ ಬರೆಸಿದ್ದು ಒಂದೇ ಪ್ರಶ್ನೆ: ಕೈ ಒಳಗೆ ಹೋದ ಕೂಡಲೇ ಯಂತ್ರ ನಿಲ್ಲಲು ಏನು ಮಾಡಬೇಕು?

ಇವತ್ತು ಮಧ್ಯಾಹ್ನದವರೆಗೆ ಕಾರ್ಯಾಗಾರದ ವೇದಿಕೆಯ ಮೇಲಿನ ನಾಲ್ವರು ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ಹೊಗಳಿಕೊಂಡರು. ಅರ್ಜಿ ಯಾರೂ ಓದಿರಲಿಲ್ಲ. ಪರದೆಯ ಮೇಲೆ ಕರೆಪ್ಪನ ಯಂತ್ರದ ಫೋಟೋ ಬಂದಾಗ ಕೋಟು ತೊಟ್ಟ ಸಲಹೆಗಾರರೊಬ್ಬರು ಕನ್ನಡಕ್ಕೆ ಇಳಿದರು: “ನೋಡಿ, ಮಹಿಳೆ ಕುಳಿತೇ ಕೆಲಸ ಮಾಡಬಹುದು! ಬಳಸುವವರ ಮನಸ್ಸು ಅರಿಯುವುದೆಂದರೆ ಇದು!”

ಕರೆಪ್ಪನ ಕೊರಳಿಗೆ ಹಾರ ಬಿತ್ತು. ಅವನು ಮೈಕಿಗೆ ಬಾಗಿದ.

“ಸಾಹೇಬ್ರ, ಅದಽ ತಪ್ಪಾಗೇತ್ರಿ. ಕುಂತು ಹಾಕಾಕ ಹೋಗಿ ಒಬ್ಬಾಕೀವು ಎರಡ ಕೈಬಟ್ಟ ಹೋದುವ್ರಿ. ಅದನ್ನ ನಿಲ್ಲಸೂದು ಹೆಂಗಂತ…”

“ಉಂಗುರದ ಖರ್ಚ ಉಳೀತ ಬಿಡೋ!” ಹಿಂದಿನ ಸಾಲಿನಿಂದ ಯಾವನೋ ಕೂಗಿದ. ಸಭೆ ನಕ್ಕಿತು. ವೇದಿಕೆಯೂ ನಕ್ಕಿತು.

“ಸಣ್ಣಪುಟ್ಟ ಸೋಲಿಗೆ ಹೆದರಬಾರದು, ಯಜಮಾನರೇ. ವರ್ಷಕ್ಕೆ ಸಾವಿರ ಯಂತ್ರ ಮಾಡಿ!” ಎಂದರು ಸಲಹೆಗಾರರು. ಸಂಘಟಕ ಮೈಕು ಕಸಿದುಕೊಂಡು, ಊಟಕ್ಕೆ ಬಾಸುಂದಿ ಇದೆಯೆಂದು ಸಾರಿದ. ಮತ್ತೆ ಚಪ್ಪಾಳೆ. ಕರೆಪ್ಪ ಹಾರ ಕಿತ್ತು ಬಾಗಿಲಲ್ಲಿ ಒಗೆದು ಹೊರಗೆ ನಡೆದ. ಥೂ! ಇಂಥವರ ಮುಂದೆ ಈ ಮನುಷ್ಯನನ್ನು ಕರೆತಂದು ನಿಲ್ಲಿಸಿದವಳು ತಾನೇ ಅಲ್ಲವೇ ಎಂದು ಮಯೂರಿಗೆ ತನ್ನ ಮೇಲೂ ಹೇಸಿಗೆ ಬಂತು.

ಹೊರಗೆ ಕರೆಪ್ಪ, ತಜ್ಞರಿಗೆ ತೋರಿಸಲೆಂದು ತಂದಿದ್ದ ಕಾಶೆವ್ವನ ಯಂತ್ರವನ್ನು ಟೆಂಪೋಗೆ ಹಗ್ಗ ಹಾಕಿ ಬಿಗಿಯುತ್ತಿದ್ದ.

“ಅಣ್ಣಾರ, ಉಂಡ್ ಬರ್ತಾರ, ಆಮ್ಯಾಲ ಮತ್ತೊಮ್ಮೆ ಕೇಳೂಣ್ರಿ.”

“ಯಾರನ್ನ ಕೇಳ್ತಿ ತಂಗಿ? ಸಾವಿರ ಮಾಡು ಅಂತಾರ. ಹತ್ತಕ್ಕಽ ನನಗ ಅನ್ನ ಇಳಿವಲ್ದು.” ಗಂಟು ಬಿಗಿದು ಅವಳತ್ತ ತಿರುಗಿದ. “ನನ್ನ ಅಕ್ಷರ ಯಾರಿಗೂ ತಿಳಿಯಂಗಿಲ್ಲ. ನೀ ಹತ್ತ ಕಾರ್ಡ ಬರದ ಕೊಡು. ಕರೆಪ್ಪ ಬಂದು ಬಾಯಿ ಎದಿಮಟ ಏರಸೂತನಕ ಯಂತ್ರಾ ಚಾಲೂ ಮಾಡಬ್ಯಾಡ್ರಿ ಅಂತ. ತಪ್ಪು ನಂದಽ ಅಂತನೂ ಬರಿ. ಇವತ್ತಿನ ಟಪಾಲಿಗಽ ಹೋಗಬೇಕವ್ವಾ.”