ಶನಿಗೆ ಹೊರಟ ನೌಕೆಗೊಂದು ಅರ್ಚನೆ

ನನ್ನ ಮದುವೆಗೆ ಅಡ್ಡ ನಿಂತವನು ಶನಿ. ಬೇಲೂರಿನಲ್ಲಿ ಮೇಷ್ಟ್ರಾಗಿದ್ದ ಹುಡುಗ ಒಪ್ಪಿದ್ದ, ಅವನ ಮನೆಯವರೂ ಒಪ್ಪಿದ್ದರು. ನಮ್ಮಮ್ಮ ಮಾತ್ರ, "ನಿನಗೆ ಏಳೂವರೆ ಶನಿ ಕಣೇ, ಇನ್ನೂ ಮೂರು ವರ್ಷ ಐತೆ, ತಡಿ," ಅಂತ ಹಟ ಹಿಡಿದು ಕೂತಿದ್ದಳು. ಶ್ರಾವಣದೊಳಗೆ ಹೂಂ ಅನ್ನದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಅಂತ ಹುಡುಗನ ಮನೆಯವರು ಹೇಳಿ ಕಳಿಸಿದ್ದರು. ಅರಸೀಕೆರೆಯ ಹೈಸ್ಕೂಲಿನಲ್ಲಿ ಗ್ರಹಗಳ ಪಾಠ ಮಾಡುವವಳು ನಾನು. ಮನೆಗೆ ಬಂದರೆ ಈ ಕರ್ಮ!

ಎರಡು ಸಾವಿರದ ನಾಲ್ಕನೇ ಇಸವಿಯ ಜೂನ್ ತಿಂಗಳು. ಏಳು ವರ್ಷದ ಹಿಂದೆ ಭೂಮಿಯಿಂದ ಹೊರಟ ನೌಕೆಯೊಂದು ಇನ್ನೇನು ಶನಿಯ ಬಳೆಗಳ ಸಂದಿಯಲ್ಲಿ ನುಸುಳಿ ಅವನನ್ನು ಸುತ್ತಲಿದೆ ಅಂತ ಪೇಪರಿನಲ್ಲಿ ಬಂತು. ಅದನ್ನು ಅಮ್ಮನ ಮುಂದೆ ಬಿಸಾಕಿದೆ.

"ನೋಡು, ಈ ಮಿಷಿನ್ನು ಅವನ ಹತ್ತಿರಕ್ಕೇ ಹೋಗ್ತಿದೆ. ಏನೂ ಆಗದೆ ತಲುಪಿದ್ರೆ ಮದುವೆಗೆ ಒಪ್ತೀಯಾ?"

"ಆಯ್ತು," ಅಂದಳು.

ಅಂದದ್ದೇನೋ ಅಂದುಬಿಟ್ಟೆ, ಆಮೇಲೆ ಊಟ ಸೇರಲಿಲ್ಲ. ಆ ಬಳೆಗಳ ಒಂದು ಚೂರು ಕಲ್ಲು ತಗುಲಿದರೂ ನೌಕೆಯ ಜೊತೆ ನನ್ನ ಮದುವೆಯೂ ಮುಗಿದಂತೆಯೇ.

ಶನಿವಾರ ಅಮ್ಮ ನನ್ನನ್ನು ನವಗ್ರಹದ ಗುಡಿಗೆ ಎಳೆದುಕೊಂಡು ಹೋದಳು. ಅರ್ಚನೆ ಯಾರ ಹೆಸರಿಗೆ ಅಂತ ಅರ್ಚಕರು ಕೇಳಿದರು.

"ಶನಿ ಹತ್ರ ಹೋಗ್ತಾ ಐತಲ್ಲ ಸ್ವಾಮಿ, ಆ ನೌಕೆಗೆ."

ಅರ್ಚಕರು ಕಣ್ಣು ಕಣ್ಣು ಬಿಟ್ಟರು. "ಗೋತ್ರ?"

"ಅದಕ್ಕೆಲ್ಲಿ ಬಂತು ಗೋತ್ರ?"

"ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ನಕ್ಷತ್ರ?"

ಅಮ್ಮ ನನ್ನತ್ತ ಕೈ ತೋರಿಸಿದಳು. "ಇವಳದ್ದೇ ಹಾಕ್ಬಿಡಿ. ಪುನರ್ವಸು."

ಹಿಂದೆ ನನ್ನ ವಿದ್ಯಾರ್ಥಿನಿಯರ ಅಮ್ಮಂದಿರು ನಿಂತಿದ್ದರು. ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ದಾರಿಯುದ್ದಕ್ಕೂ ಬೈದೆ: "ಅದನ್ನು ಕಳಿಸಿದವರು ಗಣಿತ ನಂಬಿ ಕಳಿಸಿದ್ದಾರೆ, ನಿನ್ನ ಎಳ್ಳುಬತ್ತಿ ನಂಬಿ ಅಲ್ಲ!"

ಮುಂದಿನ ಗುರುವಾರ ಸಂಜೆ ಸ್ಕೂಲಿನಿಂದ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ತಲುಪ್ತಂತೆ ಕಣೇ. ರೇಡಿಯೋದಲ್ಲಿ ಹೇಳಿದ್ರು. ಬೇಲೂರಿಗೆ ಫೋನ್ ಮಾಡಿ ಹೂಂ ಅಂದ್ಬಿಟ್ಟೆ."

ಖುಷಿಪಡುವುದು ಬಿಟ್ಟು ನಾನು ರೇಗಿದೆ. "ಎಲ್ಲ ನಿನ್ನ ಅರ್ಚನೆಯಿಂದಲೇ ಅಂತೀಯಾ ಈಗ?"

"ಅದು ನನಗೇನು ಗೊತ್ತು? ನನ್ನ ಮದುವೆ ಆಗಿದ್ದು ಏಳೂವರೆ ಶನಿಯಲ್ಲೇ. ಬೇಡ ಬೇಡ ಅಂದ್ರೂ ಮಾಡಿದ್ರು. ನಾಲ್ಕೇ ವರ್ಷಕ್ಕೆ ನಿಮ್ಮಪ್ಪ ಹೋದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ನೌಕೆ ಒಡೆದು ಹೋಗಿದ್ರೆ ನಿನಗೆ ಹೂಂ ಅನ್ನೋ ಧೈರ್ಯ ನನಗೆ ಬರ್ತಿರಲಿಲ್ಲ ಕಣೇ. ಅದಕ್ಕೇ ಅದರ ಹೆಸರಿಗೆ ಅರ್ಚನೆ ಮಾಡಿಸ್ದೆ."