ದೊರೆಯ ಗೋರಿ ತೋರಿಸಿದ್ದು

ನಮ್ಮ ಮನೆಯಲ್ಲಿ ಬೆಕ್ಕಿನ ಕಣ್ಣು ಒಂದು ತಲೆಮಾರು ಬಿಟ್ಟು ಬರುತ್ತದೆ. ಅಜ್ಜಿಗೆ ಇತ್ತು, ಅಮ್ಮನಿಗಿಲ್ಲ, ನನಗಿದೆ. ಮೂಡಿಗೆರೆಯ ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ದೊರೆ ಮರಿ’ ಎನ್ನುತ್ತಿದ್ದರು. ಒಂದು ಸಂಜೆ ಅಳುತ್ತ ಮನೆಗೆ ಬಂದಾಗ ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ತನ್ನ ಅಜ್ಜಿಯ ಕತೆ ಹೇಳಿದಳು. ಆಕೆಯನ್ನು ನಾವು ಹಿರಿಯಜ್ಜಿ ಎನ್ನುತ್ತೇವೆ.

ಹಿರಿಯಜ್ಜಿ ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದವಳು. ಎಸ್ಟೇಟಿನ ದೊರೆ ಸ್ಕಾಟ್ಲೆಂಡಿನವನು. ಅವಳನ್ನು ಬಂಗಲೆಗೆ ಕರೆಸಿಕೊಂಡ. ಕರೆಸಿಕೊಂಡ ಅನ್ನುವುದು ಮರ್ಯಾದೆಯ ಮಾತು, ಬರುವುದಿಲ್ಲ ಎನ್ನಲು ಅವಳಿಗೆ ದಾರಿ ಎಲ್ಲಿತ್ತು? ಒಂದು ಗಂಡು, ಒಂದು ಹೆಣ್ಣು ಮಗುವಾಯಿತು. ಅಷ್ಟರಲ್ಲಿ ಅವನನ್ನು ಮದುವೆಯಾಗುವ ಹುಡುಗಿ ಅವನ ಊರಿನಿಂದ ಹಡಗು ಹತ್ತಿದ ಸುದ್ದಿ ಬಂತು. ಹಿರಿಯಜ್ಜಿಯನ್ನೂ ಮಕ್ಕಳನ್ನೂ ಕೂಲಿಯವರ ಲೈನ್ ಮನೆಗಳಿಗೆ ಅಟ್ಟಿಬಿಟ್ಟ. ಮರುದಿನದಿಂದ ಅವಳು ಅದೇ ಬಂಗಲೆಯ ಮುಂದೆ ಬುಟ್ಟಿ ಹೊತ್ತು ಹಾಯಬೇಕಾಯಿತು. ಮಕ್ಕಳು ದೊರೆಯ ಕಣ್ಣಿಗೆ ಬಿದ್ದರೆ ಮೇಸ್ತ್ರಿ ಕೋಲು ಬೀಸಿ ಓಡಿಸುತ್ತಿದ್ದ. ಗಂಡು ಮಗುವಿಗೆ ಜ್ವರ ಬಂದಾಗ ಅವಳು ಬಂಗಲೆಯ ಹಿಂಬಾಗಿಲಲ್ಲಿ ಔಷಧಿಗೆ ಕಾದು ನಿಂತಳು. ಒಳಗೆ ಔಷಧಿ ಇತ್ತು. ಬಾಗಿಲು ತೆಗೆಯಲಿಲ್ಲ. ಮಗು ಹೋಯಿತು.

ಆಮೇಲೆ ಒಂದು ಮಳೆಗಾಲದಲ್ಲಿ ದೊರೆಯೂ ಜ್ವರದಲ್ಲೇ ಸತ್ತ. ಮಣ್ಣು ಮಾಡುವಾಗ ಕೂಲಿಯವರನ್ನು ಹತ್ತಿರ ಬಿಡಲಿಲ್ಲವಂತೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಗೋಡೆ ಮರೆಯಲ್ಲಿ, ಉಳಿದ ಮಗಳನ್ನು ಸೊಂಟಕ್ಕೇರಿಸಿಕೊಂಡು ಹಿರಿಯಜ್ಜಿ ನೋಡಿದಳು.

“ಹಿರಿಯಜ್ಜಿ ಅತ್ಳಾ?” ಎಂದು ಕೇಳಿದ್ದೆ.

“ಇಲ್ಲ. ಗುಂಡಿ ಸಾಕಷ್ಟು ಆಳ ಆಯ್ತಾ ಅಂತ ನೋಡ್ತಾ ನಿಂತಿದ್ಳಂತೆ.”

ದೊಡ್ಡವಳಾದ ಮೇಲೆ ಅವನ ಗೋರಿ ಹುಡುಕಿ ಅದರ ಮೇಲೆ ಉಗಿಯುತ್ತೇನೆ ಎಂದೆ. ಅಜ್ಜಿ ಬೇಡ ಅನ್ನಲಿಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ವರ್ಷವೇ ಚಿಕ್ಕಮಗಳೂರಿನ ಒಂದು ಹಳೆಯ ಚರ್ಚಿಗೆ ಹೋದೆ. ಅಲ್ಲಿನ ಪಾದ್ರಿಗಳು ಒಳ್ಳೆಯವರು, ಯಾಕೆ ಏನು ಎಂದು ಕೆದಕದೆ ಸಮಾಧಿಯ ದಾಖಲೆಗಳನ್ನು ಮೇಜಿನ ಮೇಲೆ ತಂದಿಟ್ಟರು. ಹುಳ ತಿಂದ ಅಂಚು, ಕಂದು ಬಣ್ಣಕ್ಕೆ ತಿರುಗಿದ ಶಾಯಿ. ಜ್ವರ, ಜ್ವರ, ಹೆರಿಗೆ, ಕುದುರೆಯಿಂದ ಬಿದ್ದು, ಮತ್ತೆ ಜ್ವರ. ಎಲ್ಲರೂ ಎಲ್ಲೆಲ್ಲಿಂದಲೋ ಬಂದು ಸತ್ತವರು. ಮಧ್ಯಾಹ್ನದ ಹೊತ್ತಿಗೆ ಅವನು ಸಿಕ್ಕಿದ. ಹೆಸರು, ವಯಸ್ಸು, ಪ್ಲಾಂಟರ್. ಎಸ್ಟೇಟಿನಲ್ಲೇ, ಪಲ್ಪರ್ ಮನೆಯ ಮೇಲಿನ ದಿಬ್ಬದಲ್ಲಿ ಹೂಳಲಾಗಿದೆ. ಜ್ವರದಲ್ಲಿ ಹೋದ ನಮ್ಮ ಹುಡುಗನ ಹೆಸರನ್ನೂ ಹುಡುಕಿದೆ. ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಹುಡುಕಿದೆ, ಸಿಟ್ಟು ಇನ್ನಷ್ಟು ಗಟ್ಟಿಯಾಗಲಿ ಎಂದೇ ಇರಬೇಕು.

ಆ ಎಸ್ಟೇಟಿನಲ್ಲಿ ಈಗಿನ ಪಲ್ಪರ್ ಮನೆ ಕೆಳಗೆ, ಲೈನ್ ಮನೆಗಳ ಪಕ್ಕದಲ್ಲಿದೆ. ಆದರೆ ಹಿರಿಯಜ್ಜಿ ಮರೆ ನಿಂತದ್ದು ಹಳೆಯದರ ಹಿಂದೆ. ಅದು ಮೇಲೆ, ಬಂಗಲೆಯ ಆಚೆ, ಹಳ್ಳದ ತಲೆಯಲ್ಲಿತ್ತೆಂದು ಅಜ್ಜಿ ಹೇಳಿದ್ದಳು. ಹೋಗಿ ನೋಡಿದೆ. ಅರ್ಧ ಗೋಡೆ ಇನ್ನೂ ನಿಂತಿತ್ತು. ಅದರ ಮೇಲಿನ ದಿಬ್ಬದಲ್ಲಿ, ಲಂಟಾನ ಪೊದೆಯ ಅಡಿಯಲ್ಲಿ ಉದ್ದಕ್ಕೆ ಜೋಡಿಸಿದ ಕಲ್ಲುಗಳು ಕಾಲಿಗೆ ಸಿಕ್ಕವು. ತಲೆಗಲ್ಲನ್ನು ಯಾವ ಕಾಲದಲ್ಲೋ ಯಾರೋ ಹೊತ್ತೊಯ್ದಿದ್ದರು. ಉಗಿದೆ. ಸಾಕು ಅನ್ನಿಸಲಿಲ್ಲ.

ಕೆಲವು ವಾರ ಕಳೆದ ಮೇಲೆ ಪಾದ್ರಿಗಳು ಫೋನ್ ಮಾಡಿದರು. “ಮೇಡಂ, ನೀವು ನೋಡಿದ ಅದೇ ಹೆಸ್ರು ಕೇಳ್ಕೊಂಡು ಸ್ಕಾಟ್ಲೆಂಡಿಂದ ಒಬ್ರು ಬರ್ತಿದ್ದಾರೆ. ಅವ್ರ ಮುತ್ತಜ್ಜ ಅಂತೆ. ಗೋರಿಗೆ ಕಲ್ಲು ಹಾಕಿಸ್ಬೇಕಂತೆ. ಜಾಗ ತೋರಿಸ್ತೀರಾ?”

ತೋರಿಸುತ್ತೇನೆ ಎಂದೆ.

ಬಂದವರು ಎತ್ತರದ ಮುದುಕರು, ಮಾತಿನಲ್ಲಿ ನಯ. ದಾರಿಯುದ್ದಕ್ಕೂ ಕಾರಿನಲ್ಲಿ ತಮ್ಮ ಮುತ್ತಜ್ಜನ ಗುಣಗಾನ: ರಸ್ತೆ ಕಡಿಸಿದ, ಕೆಲಸದವರನ್ನು ಮಕ್ಕಳಂತೆ ನೋಡಿಕೊಂಡ. ಮಕ್ಕಳಂತೆ ಅಂದಾಗ ನನಗೆ ತಡೆಯಲಾಗಲಿಲ್ಲ. ಹಿರಿಯಜ್ಜಿಯ ಕತೆಯನ್ನು ಒಂದೂ ಬಿಡದೆ ಹೇಳಿದೆ. ನಾವಿಬ್ಬರೂ ಸಂಬಂಧಿಕರು ಎಂದೂ ಹೇಳಿದೆ. ಅವರು ನನ್ನ ಮುಖ ನೋಡಿದರು. ಅವರ ಕಣ್ಣು ನನ್ನ ಅಜ್ಜಿಯ ಕಣ್ಣೇ. ಮೆಲ್ಲಗೆ ನಕ್ಕರು. ಪ್ಲಾಂಟರುಗಳ ಬಗ್ಗೆ ಇಂಥ ಕತೆಗಳು ಎಲ್ಲ ಕಡೆ ಇರುತ್ತವೆ, ನಮ್ಮ ಮನೆಯ ಕಾಗದಪತ್ರದಲ್ಲಿ, ಬರೆದಿಟ್ಟ ವಂಶವೃಕ್ಷದಲ್ಲಿ ಹಾಗೇನೂ ಇಲ್ಲವಲ್ಲ ಎಂದರು.

ಕಾರು ಬಂಗಲೆಯ ಹತ್ತಿರ ಬಂದಾಗ ಮೇಲಕ್ಕೆ ಹೋಗುವ ದಾರಿಯೂ ಇತ್ತು, ಕೆಳಕ್ಕೆ ಹೋಗುವ ದಾರಿಯೂ ಇತ್ತು. ಡ್ರೈವರಿಗೆ ಕೆಳಗೆ ಎಂದೆ.

ಲೈನ್ ಮನೆಗಳ ಹಿಂದೆ, ಈಗಿನ ಪಲ್ಪರ್ ಮನೆಯ ಮೇಲೆ, ಒಂದು ಅತ್ತಿಮರ. ಅದರ ಬುಡದಲ್ಲಿ ಒಂದು ಕಾಡುಗಲ್ಲು. ಹಿರಿಯಜ್ಜಿಯನ್ನು ಮಣ್ಣು ಮಾಡಿದ್ದು ಅಲ್ಲಿ. ಪಿತೃಪಕ್ಷಕ್ಕೆ ನಾವು ಎಡೆ ಇಟ್ಟು ಬರುವುದೂ ಅಲ್ಲೇ. “ಇದೇ, ದಾಖಲೆಯಲ್ಲಿ ಬರೆದ ಹಾಗೆ ಪಲ್ಪರ್ ಮನೆಯ ಮೇಲೆ” ಎಂದೆ.

ಅವರು ಟೋಪಿ ತೆಗೆದರು. ನಮ್ಮ ಜೊತೆ ಬಂದಿದ್ದ ಎಸ್ಟೇಟಿನ ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಗ್ಗಿದರು. “ಟೀಚ್ರೆ, ಇದು ನಿಮ್ಮ ಅಜ್ಜಿ ಜಾಗ ಅಲ್ವಾ?”

“ಸುಮ್ನಿರಿ ಮಾರಾಯ್ರೆ” ಎಂದೆ. ಅವರು ಒಂದು ಸಲ ಮುದುಕರನ್ನು, ಒಂದು ಸಲ ನನ್ನನ್ನು ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಚಿಕ್ಕಮಗಳೂರಿನಲ್ಲಿ ಕೆತ್ತಿಸಿದ ಕರಿಕಲ್ಲು ಅದೇ ವಾರ ಬಂತು, ಶಿಲುಬೆ, ಹೆಸರು, ಎಲ್ಲ ಇಂಗ್ಲಿಷಿನಲ್ಲಿ. ಕಲ್ಲು ನಿಲ್ಲಿಸಿದ ಮೇಲೆ ಮುದುಕರು ಕೆಸರು ಲೆಕ್ಕಿಸದೆ ಮಂಡಿಯೂರಿ, ಬಿಳಿ ಹೂವಿಟ್ಟು ಪ್ರಾರ್ಥನೆ ಹೇಳಿದರು. ಬಂಗಲೆಯ ಹಿಂಬಾಗಿಲಲ್ಲಿ ಕಾದು ನಿಂತವಳ ಕಾಲಬುಡದಲ್ಲಿ ಆ ಮನೆತನದವನೊಬ್ಬ ತಲೆಬಾಗಿದ. ನಾನು ಕಣ್ತುಂಬ ನೋಡಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಅಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ. ಹೆಚ್ಚುತ್ತಿದ್ದ ಹುರುಳಿಕಾಯಿ ಬದಿಗಿಟ್ಟಳು.

“ಬದುಕಿದ್ದಾಗ್ಲೂ ಅವ್ನ ಭಾರ ಹೊತ್ಳು. ಈಗ ಅವ್ಳ ಎದೆ ಮೇಲೆ ಅವ್ನ ಹೆಸ್ರು ನಿಲ್ಸಿ ಬಂದ್ಯಲ್ಲೇ!”

ಅವನ ಮನೆಯವರಿಗೆ ಅವಮಾನ ಮಾಡುವ ಹುಮ್ಮಸ್ಸಿನಲ್ಲಿ ಆ ಕಲ್ಲಿನ ಮೇಲೆ ಏನಿದೆ ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ. ಆ ಕ್ಷಣದಲ್ಲಿ ಅವನು ಇನ್ನೊಮ್ಮೆ ಗೆದ್ದ ಹಾಗೆ ಕಂಡಿತು.

ಮಾರನೆಯ ವಾರವೇ ಎಸ್ಟೇಟಿನ ಯಜಮಾನರ ಹತ್ತಿರ ಹೋದೆ. ಅವರು ಹಿರಿಯರಿಂದ ಬಂದ ತೋಟ ನೋಡಿಕೊಂಡಿರುವ ಮನುಷ್ಯ, ದೊರೆಗಳ ಕತೆ ಅವರಿಗೆ ಬೇಡ. “ಯಾರ ಹೆಸ್ರಾದ್ರೂ ಇರ್ಲಿ, ಕಾಫಿ ಗಿಡಕ್ಕೆ ತೊಂದ್ರೆ ಆಗ್ಬಾರ್ದು” ಎಂದರು. ಮೂಡಿಗೆರೆಯಿಂದ ಕಲ್ಲು ಕೆತ್ತುವವರನ್ನು ಕರೆದುಕೊಂಡು ಹೋದೆ. ಕಲ್ಲನ್ನು ತಿರುಗಿಸಿ, ಅವನ ಹೆಸರಿನ ಮುಖವನ್ನು ಹಿಂದಿನ ಮಣ್ಣಿನ ದರೆಯ ಕಡೆಗಿಟ್ಟು, ನಡುವಿನ ಸಂದಿಗೆ ಮಣ್ಣು ತುಂಬಿಸಿದೆ. ನಮ್ಮ ಕಡೆಯ ಮುಖದ ಮೇಲೆ ಕನ್ನಡದಲ್ಲಿ ಅವಳ ಹೆಸರು, ಕೆಳಗೆ ಅವಳ ಎರಡು ಮಕ್ಕಳ ಹೆಸರು. ಅಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಗಂಡು ಮಗುವಿನ ಹೆಸರಿನ ಮೇಲೆ ಬೆರಳಾಡಿಸಿದಳು. “ಹೂಂ, ಈಗ ಸರಿ” ಎಂದಳು.

ಮಳೆಗಾಲ ಮುಗಿದಾಗ ಮುದುಕರಿಂದ ಇಮೇಲ್ ಬಂತು, ಗೋರಿಯ ಒಂದು ಫೋಟೊ ಕಳಿಸಬಹುದೇ ಎಂದು. ನಮ್ಮ ಕಡೆಯ ಮುಖದ್ದೇ ಕಳಿಸಿದೆ. ಕನ್ನಡ ಅಕ್ಷರ ಬಹಳ ಚೆಂದವಿದೆ, ಏನು ಬರೆದಿದೆ ಎಂದು ಕೇಳಿದರು. ಬರೆದೆ: ಅವನ ಮೊದಲ ಮಕ್ಕಳ ತಾಯಿಯ ಹೆಸರು. ನೀವು ಹೂವಿಟ್ಟದ್ದು ಅವಳಿಗೆ. ಅವನಿರುವುದು ಬೇರೆ ಕಡೆ, ಎಲ್ಲಿ ಎಂಬುದು ನನಗೆ ಗೊತ್ತು.

ಬಂದ ಉತ್ತರದಲ್ಲಿ ನಯವಿರಲಿಲ್ಲ. ಓದುತ್ತಾ ಹೋದಂತೆ ನನಗೆ ಹಿತವೆನ್ನಿಸಿತು. ತಿಂಗಳಾದ ಮೇಲೆ ಇನ್ನೊಂದು ಬಂತು, ಚಿಕ್ಕದು, ದಯವಿಟ್ಟು ಹೇಳಿ ಎಂದು. ನಾನು ಉತ್ತರಿಸಲಿಲ್ಲ. ಆಮೇಲೆ ಪಾದ್ರಿಗಳಿಂದ ಫೋನ್ ಮಾಡಿಸಿದರು.

“ಪಾಪ, ವಯಸ್ಸಾದವ್ರು ಮೇಡಂ. ಹೇಳ್ಬಿಡಿ.”

“ಹೇಳ್ತೀನಿ. ಅವ್ರ ಮನೇಲಿ ವಂಶವೃಕ್ಷ ಬರೆದಿಟ್ಟಿದ್ದಾರಂತಲ್ಲ, ಅದ್ರಲ್ಲಿ ಮುತ್ತಜ್ಜನ ಪಕ್ಕ ಇವಳ ಹೆಸ್ರು, ಕೆಳಗೆ ಇಬ್ರು ಮಕ್ಕಳ ಹೆಸ್ರು ಬರ್ದು ಫೋಟೊ ಕಳಿಸ್ಲಿ. ಅವತ್ತೇ ಹೇಳ್ತೀನಿ.”

ಮಾತು ಮುಟ್ಟಿಸಿದೆ ಎಂದು ಪಾದ್ರಿಗಳು ಹೇಳಿದ್ದಾರೆ. ಫೋಟೊ ಬಂದಿಲ್ಲ. ಮೇಲಿನ ದಿಬ್ಬದಲ್ಲಿ ಲಂಟಾನ ಈ ವರ್ಷ ಆಳೆತ್ತರ ಬೆಳೆದಿದೆಯಂತೆ. ಬೆಳೆಯಲಿ.